ಮೊದಲ ಕೀಲಿಯ ಮಾತು

ಅದು ಮತ್ತೆ ಅಲ್ಲಿಗೇ ಬಂದು ನಿಂತಿತು. ಬೂದು ಪರದೆ, ನಡುವೆ ಒಂದು ವೃತ್ತ, ವೃತ್ತಕ್ಕೆ ಅಡ್ಡಲಾಗಿ ಒಂದು ಓರೆಗೆರೆ. ಇಲ್ಲಿ ವಾಹನ ನಿಲ್ಲಿಸಬೇಡಿ ಎಂದು ರಸ್ತೆಯಲ್ಲಿ ಹಾಕುವ ಫಲಕದ ಹಾಗೆ. ಫಲಕವಾದರೆ ಸ್ವಲ್ಪ ಮುಂದೆ ಹೋಗಿ ನಿಲ್ಲಿಸಬಹುದು, ಇಲ್ಲಿ ಮುಂದು ಎಂಬುದೇ ಇರಲಿಲ್ಲ. ಅಳಿಯ ಪವರ್ ಗುಂಡಿಯನ್ನು ಬೆರಳು ಬಿಳಿಚುವ ತನಕ ಒತ್ತಿ ಹಿಡಿದ. ಪರದೆ ಕಪ್ಪಾಯಿತು. ಆ ಕಪ್ಪಿನಲ್ಲಿ ಅವನ ಮುಖ, ಮುಖದ ಹಿಂದೆ ಕಿಟಕಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತ ಅತ್ತೆ ಕಂಡರು. ಅವರು ಅವನ ಬೆನ್ನನ್ನೇ ನೋಡುತ್ತಿದ್ದರು. ಇವತ್ತು ಅವರಿಗೆ ನೋಡುವುದು ಬಿಟ್ಟು ಬೇರೇನೂ ಮಾಡುವ ಹಾಗಿರಲಿಲ್ಲ, ಯಾಕೆಂದರೆ ಊಟದ ಮೇಜಿನ ಮೇಲೆ ಸತ್ತಂತೆ ಬಿದ್ದಿದ್ದ ಈ ಹಳೆಯ ಲ್ಯಾಪ್‌ಟಾಪೇ ಅವರ ಬಾಯಿ. ಗಂಟಲಿನ ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆ ತೆಗೆದುಹಾಕಿದ ಮೇಲೆ ಅವರು ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು, ಇದು ಓದಿ ಹೇಳುತ್ತಿತ್ತು, ಳಕಾರ ತಿರುಗದ ಒಂದು ಗಡಸು ದನಿಯಲ್ಲಿ. ಅದು ‘ಅಲಿಯಂದಿರೇ’ ಎಂದು ಕರೆದಾಗ ಮೊದಮೊದಲು ಮನೆಯವರೆಲ್ಲ ನಗುತ್ತಿದ್ದರು. ಆಮೇಲೆ ಅದೇ ಅತ್ತೆಯ ದನಿಯಾಗಿಹೋಯಿತು. ಬೆಳಿಗ್ಗೆ ತಿಂಡಿ ಮುಗಿಸಿದವನೇ ಅಳಿಯ ಆ ದನಿಯನ್ನೂ ಅದನ್ನು ಹೊತ್ತಿದ್ದ ಹಳೆಯ ಸಿಸ್ಟಮ್ಮನ್ನೂ ಒಟ್ಟಿಗೇ ಒರೆಸಿಹಾಕಿ, ಹೊಸದನ್ನು ಹಾಕಲು ಕೂತಿದ್ದ. “ಪೇಪರ್ ಓದಿ ಮುಗಿಸೋದ್ರೊಳಗೆ ಆಗೋಗುತ್ತೆ ಅತ್ತೆ” ಎಂದಿದ್ದ. ಪೇಪರು ಜಾಹೀರಾತುಗಳ ಸಮೇತ ಓದಿ ಮುಗಿದು, ಮಡಿಸಿಕೊಂಡು, ಕಿಟಕಿಯ ಕಟ್ಟೆಯ ಮೇಲೆ ಯಾವಾಗಲೋ ಕೂತಾಗಿತ್ತು.

“ಇನ್ನೇನು, ಆಗ್ತಾ ಬಂತು” ಎಂದ, ತಿರುಗದೆ. ಹಿಂದಿನಿಂದ ಗೀಚುವ ಸದ್ದು ಬಂತು. ಅತ್ತೆ ಸ್ಲೇಟು ತೆಗೆದುಕೊಂಡಿದ್ದರು, ಮಕ್ಕಳು ಗೀಚಿ ಒರೆಸುವ ಪ್ಲಾಸ್ಟಿಕ್ಕಿನದು. ಆಸ್ಪತ್ರೆಯಲ್ಲಿದ್ದಾಗ ಯಾರೋ ತಂದುಕೊಟ್ಟಿದ್ದು. ಪೆನ್ನು ಹಿಡಿದರೆ ಅವರ ಕೈ ನಡುಗುತ್ತದೆ, ಬರೆದದ್ದು ಅವರಿಗೇ ಓದಲು ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಬರೆದು ತೋರಿಸಿದರೆ ಜನ ಒಂದು ಕಣ್ಣು ಟಿವಿಯ ಮೇಲಿಟ್ಟು ಇನ್ನೊಂದರಲ್ಲಿ ಓದುತ್ತಾರೆ ಎಂದು ಅವರಿಗೆ ಸಿಟ್ಟು. ಅಳಿಯ ತಿರುಗಿ ನೋಡಿದಾಗ ‘ಏನಾ’ ಎಂಬಷ್ಟು ಮೂಡಿತ್ತು. “ಏನಾಯ್ತು ಅಂತಾನಾ? ಏನೂ ಆಗಿಲ್ಲ ಅತ್ತೆ, ಸಣ್ಣದೊಂದು ತೊಂದರೆ” ಎಂದುಬಿಟ್ಟ. ಅತ್ತೆ ಸ್ಲೇಟನ್ನು ನೋಡಿದರು, ಅವನನ್ನು ನೋಡಿದರು, ಸೆರಗಿನ ತುದಿಯಿಂದ ಒರೆಸಿದರು. ಏನಾದರೂ ತಿನ್ನಿ ಎಂದು ಬರೆಯಲು ಹೊರಟಿದ್ದರೇನೋ. ಆ ಯೋಚನೆ ಬಂದದ್ದು ಅವನು ಮತ್ತೆ ಪರದೆಗೆ ಮುಖ ಮಾಡಿದ ಮೇಲೆ. ಆಗ ಕೇಳುವುದಕ್ಕೆ ಮುಖವಿರಲಿಲ್ಲ.

ಈ ಚಟ ಯಾವಾಗ ಅಂಟಿತೋ ಅವನಿಗೇ ತಿಳಿಯದು. ಅತ್ತೆ ಟೈಪ್ ಮಾಡಲು ಶುರು ಮಾಡಿದರೆ ಸಾಕು, ಮೂಡುವ ಅಕ್ಷರಗಳನ್ನು ಹಿಂದೆ ಹಾಕಿ ಅವನ ಬಾಯಿ ಓಡುತ್ತಿತ್ತು. ‘ಕಿ’ ಎಂದು ಬಿದ್ದರೆ “ಕಿಟಕಿ ಹಾಕ್ಲಾ?” ಎಂದು ಎದ್ದೇಬಿಡುವನು. ಅವರು ಕೇಳಬೇಕೆಂದಿದ್ದದ್ದು ಕಿರಾಣಿ ಅಂಗಡಿಯವನು ಬಂದು ಹೋದನೇ ಎಂದು. ಹಾಕಿದ ಕಿಟಕಿಯನ್ನೊಮ್ಮೆ ನೋಡಿ, ಟೈಪ್ ಮಾಡಿದ್ದನ್ನು ಒಂದೊಂದೇ ಅಕ್ಷರವಾಗಿ ಅಳಿಸಿ, ಅತ್ತೆ ಸುಮ್ಮನಾಗುವರು. ರೈಲ್ವೆ ಟಿಕೆಟ್ ಕಿಟಕಿಯ ಹಿಂದೆ ಕೂತು, ಗಾಜಿನ ತೂತಿನಿಂದಲೇ ಜಗಳಗಂಟರ ಬಾಯಿ ಮುಚ್ಚಿಸಿ ನಿವೃತ್ತರಾದ ಹೆಂಗಸು ಅವರು. ಅಂಥವರಿಗೆ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಸಿದವನು ತಾನು ಎಂದು ಅವನಿಗೆ ಆಗಾಗ ಅನ್ನಿಸುತ್ತಿತ್ತು, ಅನ್ನಿಸಿದ ಮರುಗಳಿಗೆ ಮತ್ತೊಂದು ಮಾತನ್ನು ಅವರ ಬದಲು ತಾನೇ ಮುಗಿಸಿರುತ್ತಿದ್ದ. ತಮಾಷೆಯೆಂದರೆ ಅವನ ಹೊಟ್ಟೆಪಾಡೇ ಕಾಯುವುದು. ಅವನದು ಕನ್ನಡಕದ ಅಂಗಡಿ. ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಗಾಜು ಬದಲಿಸಿ, “ಇದು ಸ್ಪಷ್ಟವಾಗಿ ಕಾಣುತ್ತಾ, ಇದಾ?” ಎಂದು ಕೇಳಿ, ಅವರು ತಡಬಡಾಯಿಸಿ ಉತ್ತರ ಹೇಳುವ ತನಕ ಕೈಕಟ್ಟಿ ನಿಲ್ಲುವುದು. ಅಲ್ಲಿ ಅವನು ತಾಳ್ಮೆಗೆ ಹೆಸರಾದವನು. ಅಲ್ಲಿಯ ತಾಳ್ಮೆಯನ್ನು ಅಲ್ಲೇ ಶಟರ್ ಎಳೆದು ಬೀಗ ಹಾಕಿ ಬರುತ್ತಿದ್ದನೋ ಏನೋ.

ಅತ್ತೆಗೂ ಉಪಾಯ ಗೊತ್ತಿತ್ತು. ಯಂತ್ರದಲ್ಲಿ ಬೇಕಾದ ಮಾತುಗಳನ್ನು ಮೊದಲೇ ತುಂಬಿಡಬಹುದಿತ್ತು, ಕೀಲಿಮಣೆಯ ಮೇಲುಸಾಲಿನ ಒಂದೊಂದು ಕೀಲಿಗೆ ಒಂದೊಂದು, ಒಳಗೆ ಹುಡುಕಿ ತೆಗೆಯುವಂಥವು ಇನ್ನೂ ಎಷ್ಟೋ. ವರ್ಷಗಳ ಕಾಲ ಕೂತು ಅವರು ಅವನ್ನು ಒಂದೊಂದಾಗಿ ಕೂಡಿಸಿದ್ದರು. ಡಾಕ್ಟರಿಗೊಂದು: “ನನ್ನ ಮುಖ ನೋಡಿ ಮಾತಾಡಿ, ನನಗೆ ಕಿವಿ ಕೇಲಿಸುತ್ತೆ.” ಫೋನು ಮಾಡಿ, ಗಡಸು ದನಿ ಕೇಳಿ ಇಟ್ಟುಬಿಡುವವರಿಗೊಂದು: “ಇಡಬೇಡಿ, ಇದು ಮನುಷ್ಯರೇ.” ಮೊದಲ ಕೀಲಿಯದು ಮಾತ್ರ ಹೆಸರು ಹೇಳದಿದ್ದರೂ ಅಳಿಯನಿಗಾಗಿಯೇ ಮಾಡಿದ್ದು. ಅವನು ನಡುವೆ ಬಾಯಿ ಹಾಕಿದ ತಕ್ಷಣ ಅವರ ಬೆರಳು ಅಲ್ಲಿಗೆ ಹೋಗುತ್ತಿತ್ತು. “ಸ್ವಲ್ಪ ತಾಲಿ, ನಾನಿನ್ನೂ ಮುಗಿಸಿಲ್ಲ.” ಒತ್ತಿ ಒತ್ತಿ ಆ ಕೀಲಿಯ ಮೇಲಿನ ಅಚ್ಚು ಅಳಿಸಿಹೋಗಿತ್ತು. ಆದರೆ ಯಂತ್ರಕ್ಕೆ ವಯಸ್ಸಾದಂತೆ ಒತ್ತಿದ್ದಕ್ಕೂ ಅದು ಬಾಯಿ ಬಿಡುವುದಕ್ಕೂ ನಡುವಿನ ಬಿಡುವು ಉದ್ದವಾಗುತ್ತ ಬಂತು. ಒಮ್ಮೆ ಅತ್ತೆಯ ದೊಡ್ಡ ಮಗಳೂ ಅವಳ ಗಂಡನೂ ಊಟಕ್ಕೆ ಬಂದಿದ್ದರು. ಷಡ್ಡಕ ತನ್ನ ಹೊಸ ಕಾರು ತಾನೇ ಹಿಂದಕ್ಕೆ ಹೋಗುತ್ತದೆ, ಹಿಂದೆ ಯಾರಾದರೂ ಇದ್ದರೆ ತಾನೇ ನಿಲ್ಲುತ್ತದೆ ಎಂದು ಊಟದುದ್ದಕ್ಕೂ ವರ್ಣಿಸಿದ. ಅತ್ತೆ ಏನೋ ಟೈಪ್ ಮಾಡಿದರು. ಯಂತ್ರ ಯೋಚಿಸುತ್ತ ಕೂತಿತು. ಎಲ್ಲರೂ ಕೈ ತೊಳೆಯಲು ಎದ್ದು ಹೋದ ಮೇಲೆ ಅದು ಖಾಲಿ ಕುರ್ಚಿಗಳಿಗೆ ಹೇಳಿತು: “ಕಾರಿಗಾದರೂ ಹಿಂದೆ ಯಾರಿದ್ದಾರೆ ಅಂತ ಗೊತ್ತಾಗುತ್ತಲ್ಲ.” ಕೇಳಿಸಿಕೊಂಡವನು ಮೇಜು ಒರೆಸುತ್ತಿದ್ದ ಅಳಿಯನೊಬ್ಬನೇ. ಅವನು ಜೋರಾಗಿ ನಕ್ಕ. ಆ ನಗು ಅವನ ಕಿವಿಗೇ ಕರುಣೆಯಂತೆ ಕೇಳಿಸಿತು. ಇರಲಿ ಬಿಡಿ ಎಂಬಂತೆ ಅತ್ತೆ ಕೈ ಆಡಿಸಿದರು. ಅದಕ್ಕೇ ಈ ಕೆಲಸಕ್ಕೆ ಕೈ ಹಾಕಿದ್ದು. ಅದಕ್ಕೊಂದಕ್ಕೇ ಎಂದು ಬೆಳಗಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಅದೊಂದೇ ಅಲ್ಲ ಎಂಬುದೂ ಗೊತ್ತಿತ್ತು. “ಹೊಸದೇ ತಂದುಕೊಡ್ತೀನಿ, ಅದನ್ನ ಮ್ಯೂಸಿಯಮ್ಮಿಗೆ ಕೊಟ್ಬಿಡಿ” ಎಂದು ಷಡ್ಡಕ ಫೋನಿನಲ್ಲಿ ನಕ್ಕಾಗ, “ಬೇಡ ಭಾವ, ಇದು ಗಟ್ಟಿ ಪಿಂಡ. ಹೊಸ ಸಿಸ್ಟಮ್ ಹಾಕಿದ್ರೆ ಕುದುರೆ ಥರ ಓಡುತ್ತೆ” ಎಂದು ಕೊಚ್ಚಿಕೊಂಡಿದ್ದ. ಮಾಡಿದ ಕಂಪನಿಯೇ ಈ ಯಂತ್ರಕ್ಕೆ ಹೊಸ ಸಿಸ್ಟಮ್ ಬೇಡ, ಇದನ್ನು ನಾವು ಲೆಕ್ಕಕ್ಕೇ ಇಟ್ಟಿಲ್ಲ ಎಂದು ಕೈ ತೊಳೆದುಕೊಂಡಿದೆ ಎಂಬುದು ಆಮೇಲೆ ತಿಳಿಯಿತು. ಆದರೆ ಲೋಕದಲ್ಲಿ ಇಂಥ ಹಳೆಯ ಯಂತ್ರಗಳನ್ನು ಬಿಡಲಾರದ ಮಂದಿ ಬೇಕಾದಷ್ಟಿದ್ದರು. ಯಂತ್ರ ಏಳುವಾಗಲೇ ಅದರ ಕಿವಿಯಲ್ಲಿ ಒಂದು ಸಣ್ಣ ಸುಳ್ಳು ಹೇಳಿ, ನೀನು ಹೊಸಬನೇ ಎಂದು ನಂಬಿಸುವ ಒಂದು ತುಣುಕನ್ನು ಅವರೇ ಮಾಡಿ ಹಂಚುತ್ತಿದ್ದರು. ಅದನ್ನೂ ಹೊಸ ಸಿಸ್ಟಮ್ಮನ್ನೂ ಪೆನ್‌ಡ್ರೈವಿಗೆ ಹಾಕಿ, ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಬೇಕು. ಅವರಲ್ಲೊಬ್ಬ, ಮುಖ ಮೂತಿ ಗೊತ್ತಿಲ್ಲದವನು, ಅಳಿಯನ ಪ್ರಶ್ನೆಗೆ ಉದ್ದಕ್ಕೆ ಉತ್ತರ ಬರೆದಿದ್ದ. ಅಳಿಯ ಅದನ್ನು ಅರ್ಧ ಓದುವಷ್ಟರಲ್ಲಿ ಉಳಿದದ್ದು ತಾನೇ ಅರ್ಥವಾಗಿತ್ತು.

“ರೀ, ಆಯ್ತಾ?” ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಆಗ್ತಾ ಇದೆ.”

“ಆಗ್ತಾ ಇದೆ ಅಂದ್ರೆ ಆಗಿಲ್ಲ ಅಂತ.” ಅವಳು ದನಿ ತಗ್ಗಿಸಿದಳು. “ಸಂಜೆ ಅಕ್ಕ ಭಾವ ಬರ್ತಾರೆ. ಆಗ ಅಮ್ಮ ಸ್ಲೇಟ್ ಹಿಡ್ಕೊಂಡು ಕೂತಿದ್ರೆ ಏನಾಗುತ್ತೆ? ಅವಳು ಒಂದು ಅಕ್ಷರ ಬರೆಯೋದ್ರೊಳಗೆ ಭಾವನೇ ಎಲ್ಲಾ ತೀರ್ಮಾನ ಮಾಡಿರ್ತಾರೆ. ಇರ್ತೀನೋ ಹೋಗ್ತೀನೋ ಅಂತ ಅವಳ ಬಾಯಲ್ಲೇ ಬರ್ಲಿ ಅಂತ ನಾನು ಹಟ ಹಿಡಿದು ಕೂತಿದೀನಿ. ಇನ್ನೊಬ್ಬರ ಮಾತನ್ನ ತಾವೇ ಮುಗಿಸೋರು ಹೇಗಿರ್ತಾರೆ ಅಂತ ನಿಮಗೇ ಗೊತ್ತಲ್ಲ.”

ನಿಮಗೇ ಎಂಬುದನ್ನು ಅವಳು ಒತ್ತಿ ಹೇಳಿದಳೋ ಅಥವಾ ಅವನಿಗೇ ಹಾಗೆ ಚುಚ್ಚಿತೋ. ಇವರ ಮನೆ ಎರಡನೆಯ ಮಹಡಿಯಲ್ಲಿತ್ತು. ಹೋದ ತಿಂಗಳು ಅತ್ತೆ ಮೆಟ್ಟಿಲ ನಡುವೆ ಉಸಿರು ಸಿಕ್ಕಿಕೊಂಡು ಕುಸಿದು ಕೂತುಬಿಟ್ಟಿದ್ದರು. ಕೂಗಿ ಕರೆಯಲು ದನಿಯಿಲ್ಲ, ಯಾರೋ ಇಳಿದು ಬರುವ ತನಕ ಅಲ್ಲೇ ಕೂತಿದ್ದರು. ದೊಡ್ಡ ಮಗಳ ಮನೆ ನೆಲಮಹಡಿಯಲ್ಲೇ ಇದೆ. ಒಪ್ಪಿದರೆ ಇವತ್ತೇ ಕರೆದುಕೊಂಡು ಹೋಗುವುದು ಎಂದು ಮಾತಾಗಿತ್ತು.

ಹೊಸ ಸಿಸ್ಟಮ್ ಹಾಳಾಗಲಿ, ಹಳೆಯದನ್ನೇ ಮತ್ತೆ ಹಾಕಿ, ಒರೆಸುವ ಮೊದಲು ಇನ್ನೊಂದು ಪೆನ್‌ಡ್ರೈವಿಗೆ ತೆಗೆದಿಟ್ಟುಕೊಂಡ ಮಾತುಗಳನ್ನು ತುಂಬಿ ಕೊಟ್ಟುಬಿಡೋಣ, ಷಡ್ಡಕ ನಕ್ಕರೆ ನಗಲಿ ಎಂದುಕೊಂಡು ಅವನು ಆ ಪೆನ್‌ಡ್ರೈವಿಗಾಗಿ ಡ್ರಾಯರ್ ಎಳೆದ. ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡು, ಸತ್ತ ಬ್ಯಾಟರಿ, ಒಂದು ಸ್ಕ್ರೂಡ್ರೈವರು ಇದ್ದವು. ಪೆನ್‌ಡ್ರೈವ್ ಇರಲಿಲ್ಲ. ಲೆನ್ಸ್ ಮಾರುವ ಕಂಪನಿಯವರು ಅಂಗಡಿಗೆ ಕೊಟ್ಟ ಅವಳಿ ಪೆನ್‌ಡ್ರೈವುಗಳು ಅವು, ನೀಲಿ ಬಣ್ಣದವು, ಒಂದರ ಹಾಗೇ ಇನ್ನೊಂದು. ಒಂದರಲ್ಲಿ ಹೊಸ ಸಿಸ್ಟಮ್, ಇನ್ನೊಂದರಲ್ಲಿ ಅತ್ತೆಯ ಮಾತುಗಳು. ಬೆಳಿಗ್ಗೆ ಮೊದಲನೆಯದು ಕೈಕೊಟ್ಟಾಗ, ಪೆನ್‌ಡ್ರೈವೇ ಕೆಟ್ಟಿರಬೇಕು ಎಂದುಕೊಂಡು ಡ್ರಾಯರಿನಿಂದ ಇನ್ನೊಂದನ್ನು ತೆಗೆದಿದ್ದ, ಹೊಸ ಸಿಸ್ಟಮ್ಮನ್ನು ಅದಕ್ಕೆ ಬರೆಯಲು ಹೆಂಡತಿಯ ಲ್ಯಾಪ್‌ಟಾಪಿಗೆ ಚುಚ್ಚಿದ್ದ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಸರಿಯೇ ಎಂದು ಅದು ಕೇಳಿತ್ತು. ಪ್ರಶ್ನೆ ಪೂರ್ತಿ ಮೂಡುವ ಮೊದಲೇ ಅವನ ಬೆರಳು ಸರಿ ಎಂದಿತ್ತು. ಈಗ ಒಂದು ಮೇಜಿನ ಮೇಲಿತ್ತು, ಇನ್ನೊಂದು ಯಂತ್ರದ ಪಕ್ಕೆಯಲ್ಲಿತ್ತು. ಎರಡರಲ್ಲೂ ಹೊಸ ಸಿಸ್ಟಮ್ಮೇ. ಯಂತ್ರದೊಳಗಿನ ಡಿಸ್ಕನ್ನೂ ಅವನೇ ಚೊಕ್ಕವಾಗಿ ಒರೆಸಿದ್ದ. ಡಾಕ್ಟರಿಗೆ ಹೇಳುವ ಮಾತು, ಫೋನಿನವರಿಗೆ ಹೇಳುವ ಮಾತು, ಅವನಿಗೆಂದೇ ಮಾಡಿದ ಮೊದಲ ಕೀಲಿಯ ಮಾತು, ಯಾವುದೂ ಇನ್ನು ಎಲ್ಲಿಯೂ ಇಲ್ಲ. ಒಬ್ಬರ ಬಾಯಿಯನ್ನು ಒರೆಸಿಹಾಕಿದ್ದೇನೆ ಎಂದು ಅವನಿಗೆ ಅನ್ನಿಸಿತು. ಹಿಂದೆ ಕುರ್ಚಿ ಕಿರುಗುಟ್ಟಿತು. ಅವನು ತಿರುಗಲಿಲ್ಲ.

ತಪ್ಪಿ ಮಾಡಿದ್ದೇ ಅದು? ಒಂದು ಯೋಚನೆ ಬಂದು ಮೇಜಿನ ಎದುರಿಗೇ ಕೂತಂತಾಯಿತು. ಮೊನ್ನೆ ಅತ್ತೆಯ ಕೋಣೆಯ ಮುಂದೆ ಹಾಯುವಾಗ ಅರೆತೆರೆದ ಬಾಗಿಲಿನಾಚೆ ಗಡಸು ದನಿ ಫೋನಿನಲ್ಲಿ ಯಾರೋ ಹಳೆಯ ಗೆಳತಿಗೆ ಹೇಳುತ್ತಿತ್ತು: “ದೊಡ್ಡವಲ ಮನೆಗೆ ಹೋಗುವುದೇ ಸರಿ ಅನ್ನಿಸುತ್ತೆ. ಇಲ್ಲಿ ನನಗೆ…” ಯಂತ್ರ ಉಸಿರು ತೆಗೆದುಕೊಳ್ಳುವಂತೆ ತಡೆದಿತ್ತು. ಅವನು ಮುಂದಿನದನ್ನು ಕೇಳಲು ನಿಲ್ಲಲಿಲ್ಲ. ಚಪ್ಪಲಿ ಸದ್ದು ಮಾಡುತ್ತ ನಡೆದುಬಿಟ್ಟಿದ್ದ. ಮುಂದಿನದು ಅವನಿಗೆ ಗೊತ್ತಿತ್ತು. ಇಲ್ಲಿ ನನಗೆ ಮಾತಾಡಲು ಬಿಡುವುದಿಲ್ಲ. ಇನ್ನೇನಿರುತ್ತದೆ? ಇವತ್ತು ಯಂತ್ರ ಏಳದಿದ್ದರೆ ಆ ಮಾತು ನಾಲ್ಕು ಜನರ ಮುಂದೆ ಬರುವುದಿಲ್ಲ. ಅತ್ತೆ ಸ್ಲೇಟು ಹಿಡಿದು ಕೂತರೆ ತೀರ್ಮಾನ ಮುಂದಕ್ಕೆ ಹೋಗಬಹುದು, ಇಲ್ಲೇ ಉಳಿದರೂ ಉಳಿಯಬಹುದು. ಬೆರಳು ಸರಿ ಎಂದು ಒತ್ತುವಾಗ ಅದಕ್ಕೆ ಇದೆಲ್ಲ ಗೊತ್ತಿತ್ತೇ? ಇಲ್ಲ ಎಂದ. ಯಾರಿಗೆ ಹೇಳಿದನೋ. ಅವರು ಹೋಗುವುದು ಅವನಿಗೆ ಬೇಕಿರಲಿಲ್ಲ ಎಂಬುದು ಮಾತ್ರ ನಿಜ, ಮತ್ತು ಆ ನಿಜ ಈಗ ಅವನಿಗೆ ಹೇಸಿಗೆ ತರಿಸಿತು.

ಮತ್ತೆ ಗುಂಡಿ ಒತ್ತಿದ. ಈ ಸಲ ಎರಡು ಕೀಲಿಗಳನ್ನು ಜೊತೆಗೆ ಹಿಡಿದು, ವೃತ್ತದ ಹಿಂದೆ ಯಂತ್ರ ಏನು ಗೊಣಗುತ್ತಿದೆ ಎಂಬುದನ್ನು ತೋರಿಸುವಂತೆ ಮಾಡಿದ. ಬಿಳಿ ಅಕ್ಷರಗಳು ದಡದಡನೆ ಮೇಲೇರಿದವು, ಅವನಿಗೆ ಒಂದೂ ತಿಳಿಯದು. ಆಮೇಲೆ ನಿಂತವು. ಕೊನೆಯ ಸಾಲೊಂದೇ ಮತ್ತೆ ಮತ್ತೆ ಬಂತು: ಮೂಲ ಡಿಸ್ಕಿಗಾಗಿ ಇನ್ನೂ ಕಾಯುತ್ತಿದ್ದೇನೆ. ಇನ್ನೂ ಕಾಯುತ್ತಿದ್ದೇನೆ. ಪೆನ್‌ಡ್ರೈವ್ ಅದರ ಪಕ್ಕೆಯಲ್ಲೇ ಚುಚ್ಚಿಕೊಂಡಿತ್ತು, ಮಿಣಮಿಣ ಎನ್ನುತ್ತಿತ್ತು, ಆದರೂ ಅದು ಕಾಯುತ್ತಿತ್ತು. ಅಳಿಯ ಗುಂಡಿ ಒತ್ತಲು ಹೋಗಿ ಕೈ ಹಿಂದಕ್ಕೆ ತೆಗೆದ. ಫೋನಿನಲ್ಲಿ ಆ ಅಪರಿಚಿತನ ಉತ್ತರವನ್ನು ತೆರೆದು, ಮೊದಲಿನಿಂದ ಕೊನೆಯ ತನಕ ಓದಿದ. ಅರ್ಧದ ಆಚೆಗೆ ಬರೆದಿತ್ತು: ಈ ಯಂತ್ರದ ಪೋರ್ಟುಗಳು ಓಬೀರಾಯನ ಕಾಲದವು, ಹೊಸ ಸಿಸ್ಟಮ್ ಅರ್ಧ ದಾರಿಗೆ ಬಂದು ಅವುಗಳ ಗುರುತನ್ನೇ ಮರೆಯುತ್ತದೆ, ತಾನು ಹತ್ತಿ ಬಂದ ಪೆನ್‌ಡ್ರೈವೇ ಅದಕ್ಕೆ ಕಾಣದಂತಾಗುತ್ತದೆ. ಪೆನ್‌ಡ್ರೈವನ್ನು ನೇರವಾಗಿ ಚುಚ್ಚಬೇಡಿ, ನಡುವೆ ಒಂದು ಯುಎಸ್‌ಬಿ ಹಬ್, ಒಂದು ಪೋರ್ಟನ್ನು ನಾಲ್ಕು ಮಾಡುವ ಆ ಪುಟ್ಟ ಪೆಟ್ಟಿಗೆ, ಇಡಿ. ಆಮೇಲೆ ನಿಂತಂತೆ ಕಂಡರೂ ಆರಿಸಬೇಡಿ, ಕಾಯಿರಿ. ಎಲ್ಲ ಅಲ್ಲೇ ಇತ್ತು. ಅವನಿಗೆ ನಗು ಬಂತು, ಆದರೆ ನಗಲಾಗಲಿಲ್ಲ.

ಹಬ್ ಅಂಗಡಿಯಲ್ಲಿತ್ತು. ಬೀದಿ ಬಿಸಿಲಿಗೆ ಕಣ್ಣು ಮುಚ್ಚಿ ಮಲಗಿತ್ತು. ರಜೆಯ ದಿನ ಅರ್ಧ ಎತ್ತಿದ ಶಟರ್ ಕೆಳಗೆ ಬಗ್ಗಿ ಒಳಗೆ ಹೋದರೆ, ಗೋಡೆಯ ತುಂಬ ಕಣ್ಣಿಲ್ಲದ ಕನ್ನಡಕಗಳು ಅವನನ್ನೇ ನೋಡುತ್ತಿದ್ದವು. ಲೆನ್ಸ್ ಅಳೆಯುವ ಯಂತ್ರದ ಹಿಂದಿನಿಂದ ಹಬ್ ಬಿಚ್ಚಿಕೊಂಡವನು ಹೊರಡದೆ ಗಿರಾಕಿಯ ಕುರ್ಚಿಯಲ್ಲಿ ಕೂತ. ಇಲ್ಲೇ ಕೂತರೆ ಸಂಜೆ ತಾನಾಗಿ ಬಂದುಬಿಡುತ್ತದೆ. ಹಬ್ ಸಿಗಲಿಲ್ಲ ಎಂದರೆ ಯಾರು ಹುಡುಕಲು ಬರುತ್ತಾರೆ. ಅಂಗಡಿ ಇಟ್ಟ ಹೊಸದರಲ್ಲಿ ಇದೇ ಕುರ್ಚಿಯಲ್ಲಿ ಅತ್ತೆ ಕೂರುತ್ತಿದ್ದರು. ನೊಣ ಹೊಡೆಯುವುದಕ್ಕೂ ನೊಣವಿಲ್ಲದ ದಿನಗಳು ಅವು. ಡ್ಯೂಟಿ ಮುಗಿಸಿ ನೇರ ಇಲ್ಲಿಗೇ ಬಂದು, ಕನ್ನಡಿಯ ಮುಂದೆ ಕೂತು, ಒಂದಾದ ಮೇಲೊಂದು ಚೌಕಟ್ಟು ಹಾಕಿಕೊಂಡು ನೋಡುತ್ತ, ಬೀದಿಯಲ್ಲಿ ಹೋಗುವವರಿಗೆ ಇಲ್ಲಿ ವ್ಯಾಪಾರ ನಡೆಯುತ್ತಿದೆ ಎಂದು ತೋರಿಸುತ್ತಿದ್ದರು. “ಖಾಲಿ ಅಂಗಡಿಗೆ ಯಾರೂ ಬರಲ್ಲ ಅಳಿಯಂದಿರೇ, ಹೆದರ್ತಾರೆ. ನಾನು ಕೂತಿರ್ತೀನಿ.” ಆಗ ಅವರಿಗೆ ತಮ್ಮದೇ ದನಿ ಇತ್ತು. ಹೇಗಿತ್ತು ಅದು? ಅವನು ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳಲು ನೋಡಿದ. ಮಾತು ಬಂತು, ಮುಖ ಬಂತು, ಹಣೆಯ ಮೇಲಿನ ಬೆವರು ಬಂತು. ದನಿ ಮಾತ್ರ ಯಂತ್ರದ್ದೇ ಬಂತು, ಗಡಸಾಗಿ, ‘ಅಲಿಯಂದಿರೇ’ ಎಂದು. ಮೊದಲಿನ ದನಿಯನ್ನು ಅವನು ಯಾವಾಗಲೋ ಕಳೆದುಕೊಂಡಿದ್ದ. ಬೆಳಿಗ್ಗೆ ಎರಡನೆಯದನ್ನೂ ಒರೆಸಿದ್ದ. ಎದುರಿನ ಕನ್ನಡಿಯಲ್ಲಿ ನಡುವಯಸ್ಸಿನ ಒಬ್ಬ ಗಂಡಸು ಹಬ್ ಹಿಡಿದುಕೊಂಡು ಅಳುತ್ತಿದ್ದ. ಅವನು ಮುಖ ಒರೆಸಿಕೊಂಡು, ಶಟರ್ ಎಳೆದು, ಮನೆಯ ಕಡೆಗೆ ಬಿರಬಿರನೆ ನಡೆದ.

ನಡುವೆ ಹಬ್ ಇಟ್ಟ ಮೇಲೆ ವೃತ್ತ ಬರಲಿಲ್ಲ. ಬಿಳಿಯ ಪಟ್ಟಿ ಅರ್ಧಕ್ಕೆ ಬಂತು, ನಿಂತಿತು. ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತ. ಅತ್ತೆ ಎದ್ದು ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಹೆಂಡತಿ ಇಬ್ಬರ ಮುಂದೆಯೂ ಊಟದ ತಟ್ಟೆ ಇಟ್ಟಳು, ಆಮೇಲೆ ತೆಗೆದಳು. ಪಟ್ಟಿ ಕದಲಿತು. ಯಂತ್ರ ತಾನಾಗಿ ಆರಿತು, ತಾನಾಗಿ ಎದ್ದಿತು, ಮತ್ತೆ ಆರಿತು. ಕೊನೆಗೆ ಪರದೆಯ ಮೇಲೆ ಒಂದು ಬೆಟ್ಟ, ಬೆಟ್ಟದ ಮೇಲೆ ಬೆಳಕು. ಮಾತಿನ ಪ್ರೋಗ್ರಾಮ್ ಇಳಿಸಿ ಹಾಕಿ, ಅವನು ಲ್ಯಾಪ್‌ಟಾಪನ್ನು ಅತ್ತೆಯ ಕಡೆ ತಿರುಗಿಸಿದ. ಅವರು ‘ನಮಸ್ಕಾರ’ ಎಂದು ಟೈಪ್ ಮಾಡಿದರು. ಬೆರಳು ತೆಗೆಯುವ ಮೊದಲೇ ಯಂತ್ರ ಹೇಳಿತು, ಒಂದು ನಯವಾದ ಹೆಣ್ಣುದನಿಯಲ್ಲಿ, ಬ್ಯಾಂಕಿನವರ ಫೋನಿನಲ್ಲಿ ಕೇಳುವಂಥದ್ದು. ಅತ್ತೆಯ ಹುಬ್ಬು ಮೇಲಕ್ಕೆ ಹೋಯಿತು. “ದನಿ ಚೆನ್ನಾಗಿದೆ ಅಲ್ವಾ, ಹಳೇದಕ್ಕಿಂತ…” ಎಂದು ಅವನು ಶುರು ಮಾಡಿದ. ಅವರ ಬೆರಳು ರೂಢಿಯ ಮೇಲೆ ಮೊದಲ ಕೀಲಿಗೆ ಹೋಗಿ ಒತ್ತಿತು. ಏನೂ ಬರಲಿಲ್ಲ. ಮತ್ತೆ ಒತ್ತಿದರು. ಅವನ ಕಡೆ ನೋಡಿದರು.

“ಅತ್ತೆ, ನಿಮ್ಮ ಮಾತುಗಳೆಲ್ಲ ಹೋದವು. ನಾನೇ ಅಳಿಸಿಬಿಟ್ಟೆ. ತೆಗೆದಿಟ್ಟಿದ್ದರ ಮೇಲೇ ಇದನ್ನ ಬರೆದುಬಿಟ್ಟೆ. ನೋಡಲಿಲ್ಲ.”

ಅವರು ಟೈಪ್ ಮಾಡತೊಡಗಿದರು. ಅವನು ಪರದೆಯ ಕಡೆ ನೋಡಲಿಲ್ಲ, ಅವರ ಬೆರಳನ್ನೂ ನೋಡಲಿಲ್ಲ. ಕಿಟಕಿಯ ಕಟ್ಟೆಯ ಮೇಲಿನ ಪೇಪರನ್ನು ನೋಡುತ್ತ ಕೂತ.

“ಡಾಕ್ಟರ್ ಮಾತೂ ಹೋಯ್ತಾ?” ಎಂದಿತು ಬ್ಯಾಂಕಿನ ಹುಡುಗಿಯ ದನಿ.

“ಹೋಯ್ತು ಅತ್ತೆ.”

ಮತ್ತೆ ಬೆರಳಿನ ಸದ್ದು. “ಅದು ಚೆನ್ನಾಗಿತ್ತು.”

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಅವರು ಬೆನ್ನು ಕುರ್ಚಿಗೆ ಒರಗಿಸಿ, ಯಾರೋ ಪರಿಚಯದವರು ತೀರಿಕೊಂಡ ಸುದ್ದಿ ಕೇಳಿದವರ ಹಾಗೆ ಹೊರಗೆ ನೋಡಿದರು.

ಸಂಜೆ ದೊಡ್ಡ ಮಗಳೂ ಅವಳ ಗಂಡನೂ ಬಂದರು. ಷಡ್ಡಕ ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ “ನೋಡಿ, ನನಗೇ ಹೀಗಾಗುತ್ತೆ” ಎಂದು ವಾದವನ್ನು ಬಾಗಿಲಲ್ಲೇ ಶುರು ಮಾಡಿದ. ಕೆಟ್ಟವನಲ್ಲ. ಅವನಿಗೂ ಅತ್ತೆಯೆಂದರೆ ಪ್ರೀತಿಯೇ, ಆದರೆ ಅವನ ಪ್ರೀತಿಗೆ ಪುರುಸೊತ್ತು ಕಡಿಮೆ. ಚಹಾ ಆಯಿತು. ಕಿರಿಯವಳು ತಾಯಿಯ ಮುಂದೆ ಲ್ಯಾಪ್‌ಟಾಪ್ ಇಟ್ಟು, “ಅಮ್ಮ, ನೀನೇ ಹೇಳು” ಎಂದಳು. ಅತ್ತೆ ಸೆರಗು ಸರಿಮಾಡಿಕೊಂಡು ಬಗ್ಗಿದರು. ನಾನು ಎಂದು ಮೂಡಿತು. ಹೋ ಎಂದು ಮೂಡಿತು.

“ಹೋಗಲ್ಲ ಅಂತಾರೆ, ನನಗೆ ಮೊದಲೇ ಗೊತ್ತಿತ್ತು” ಎಂದ ಷಡ್ಡಕ, ಪರದೆಯ ಮೇಲೆ ಬಗ್ಗಿ. “ನೋಡಿ ಅತ್ತೆ, ನಿಮ್ಮ ಕೋಣೆಗೆ ಬಿಸಿಲು ಬರುತ್ತೆ, ಆಸ್ಪತ್ರೆ ಪಕ್ಕದಲ್ಲೇ ಇದೆ…”

ಅತ್ತೆಯ ಬೆರಳು ನಿಂತಿತು. ಅಳಿಸುವ ಕೀಲಿಯ ಕಡೆ ಹೋಯಿತು. ಒಂದು ಅಕ್ಷರ ಅಳಿಯಿತು. ಅಳಿಯ ಇದನ್ನು ಇಷ್ಟು ದಿನ ಒಳಗಿನಿಂದ ಕಂಡಿದ್ದನೇ ಹೊರತು ಹೊರಗಿನಿಂದ ನೋಡಿರಲಿಲ್ಲ. ಒಬ್ಬ ಮನುಷ್ಯ ಹೀಗೆ ಎಲ್ಲರ ಕಣ್ಣೆದುರು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಹೋಗುವುದು. ಹೋ ಎಂದರೆ ಹೋಗುತ್ತೇನೆ ಎಂದು ಈ ಕೋಣೆಯಲ್ಲಿ ಅವನೊಬ್ಬನಿಗೆ ಗೊತ್ತಿತ್ತು. ಸುಮ್ಮನಿದ್ದರೆ ಸಾಕಿತ್ತು.

“ಭಾವ, ಸ್ವಲ್ಪ ತಾಳಿ” ಎಂದ. “ಅವರಿನ್ನೂ ಮುಗಿಸಿಲ್ಲ.”

ಹೆಂಡತಿ ತಟ್ಟನೆ ತಲೆಯೆತ್ತಿ ಅವನನ್ನು ನೋಡಿದಳು. ಅತ್ತೆಯೂ ನೋಡಿದರು, ಎಲ್ಲೋ ಕೇಳಿದ ಮಾತಲ್ಲವೇ ಇದು ಎಂಬ ಹಾಗೆ. ಆಮೇಲೆ ಬಗ್ಗಿ ಟೈಪ್ ಮಾಡಿದರು. ಷಡ್ಡಕ ಗಡಿಯಾರ ನೋಡಿದ, ಗಂಟಲು ಸರಿಮಾಡಿಕೊಂಡ, ಆದರೆ ತಾಳಿದ. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು.

“ನಾನು ಹೋಗ್ತೀನಿ” ಎಂದಿತು ಹೊಸ ದನಿ. “ಮೆಟ್ಟಿಲು ನನ್ನಿಂದ ಆಗಲ್ಲ.” ಎಲ್ಲರೂ ಮುಗಿಯಿತು ಎಂದುಕೊಂಡು ಅಲುಗಾಡಿದರು. ಬೆರಳು ಇನ್ನೂ ಆಡುತ್ತಿತ್ತು. “ಮೆಟ್ಟಿಲು ಮಾತ್ರ, ಅಳಿಯಂದಿರೇ.” ಳಕಾರ ಸ್ಪಷ್ಟವಾಗಿತ್ತು. ಮೊನ್ನೆ ಬಾಗಿಲಾಚೆ ಅರ್ಧಕ್ಕೆ ನಿಂತ ಮಾತು ಇದೇ ಇತ್ತೋ ಅಥವಾ ಈಗ ಕರುಣೆಯಿಂದ ಕಟ್ಟಿದ್ದೋ, ಅದನ್ನು ತಿಳಿಯುವ ದಾರಿಯನ್ನು ಅವನೇ ಆವತ್ತು ಚಪ್ಪಲಿ ಸದ್ದು ಮಾಡಿ ಮುಚ್ಚಿದ್ದ.

ಅಕ್ಕತಂಗಿಯರು ಒಳಗೆ ಬಟ್ಟೆ ಜೋಡಿಸತೊಡಗಿದರು. ಷಡ್ಡಕ ಕಾರು ತಿರುಗಿಸಿಡಲು ಕೆಳಗಿಳಿದ. ಪೆನ್‌ಡ್ರೈವ್ ಇನ್ನೂ ಲ್ಯಾಪ್‌ಟಾಪಿನಲ್ಲೇ ಇತ್ತು, ಹಬ್‌ನ ಬಾಲಕ್ಕೆ ನೇತುಕೊಂಡು. ಅಪರಿಚಿತನ ಉತ್ತರದ ತೀರಾ ಕೊನೆಯಲ್ಲಿ ಇನ್ನೊಂದು ಮಾತಿತ್ತು: ಯಂತ್ರವನ್ನು ಎಬ್ಬಿಸುವ ಆ ತುಣುಕನ್ನು ಪೆನ್‌ಡ್ರೈವಿನಿಂದ ಒಳಗಿನ ಡಿಸ್ಕಿಗೆ ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಪೆನ್‌ಡ್ರೈವ್ ತೆಗೆದ ದಿನ ಯಂತ್ರ ಏಳುವುದಿಲ್ಲ. ಹಾಗೇ ಬಿಡಬಹುದು ಎಂದು ಅವನಿಗೆ ಹೊಳೆಯಿತು. ಬಿಟ್ಟರೆ ಒಂದಲ್ಲ ಒಂದು ದಿನ ಅಲ್ಲಿ ಯಾರೋ ಕಸ ಗುಡಿಸುವಾಗ ಅದನ್ನು ಕಿತ್ತಿಡುತ್ತಾರೆ, ಯಂತ್ರ ಬಾಯಿ ಮುಚ್ಚುತ್ತದೆ, ಫೋನು ಬರುತ್ತದೆ, ಅವನು ಹೋಗುತ್ತಾನೆ. ಅವನಿಲ್ಲದೆ ಆಗುವುದಿಲ್ಲ ಎಂದಾಗುತ್ತದೆ. ಎಷ್ಟು ಸುಲಭ, ಎಷ್ಟು ಪ್ರೀತಿಯಂತೆ ಕಾಣುವಂಥದ್ದು. ಅವನು ಕುರ್ಚಿ ಎಳೆದುಕೊಂಡು, ಆ ತುಣುಕನ್ನು ಒಳಗಿನ ಡಿಸ್ಕಿಗೆ ಹಾಕಿದ. ಯಾವ ಡಿಸ್ಕಿಗೆ ಎಂದು ಅದು ಕೇಳಿತು. ಪೂರ್ತಿ ಓದಿ, ಇನ್ನೊಮ್ಮೆ ಓದಿ, ಒತ್ತಿದ. ಹಬ್ ಅನ್ನೂ ಪೆನ್‌ಡ್ರೈವನ್ನೂ ಕಿತ್ತು ಜೇಬಿಗೆ ಹಾಕಿಕೊಂಡು ಯಂತ್ರವನ್ನು ಆರಿಸಿ ಎಬ್ಬಿಸಿದ. ಅತ್ತೆ ಪಕ್ಕಕ್ಕೆ ಬಂದು ನಿಂತು ನೋಡುತ್ತಿದ್ದರು. ಪಟ್ಟಿ ಅರ್ಧಕ್ಕೆ ಬಂದು ನಿಂತಾಗ ಇಬ್ಬರೂ ಅಲುಗಾಡಲಿಲ್ಲ. ಬೆಟ್ಟ ಬಂತು, ಬೆಳಕು ಬಂತು. ಇನ್ನು ಅದಕ್ಕೆ ಅವನು ಬೇಕಾಗಿರಲಿಲ್ಲ.

“ಕೀಗಳೆಲ್ಲ ಖಾಲಿ ಇವೆ ಅತ್ತೆ” ಎಂದ. “ಹೋಗೋ ಮೊದಲು ಒಂದಾದರೂ ತುಂಬಿಕೊಡ್ತೀನಿ. ಮೊದಲನೇದಕ್ಕೆ ಏನು ಹಾಕ್ಲಿ?”

ಡಾಕ್ಟರಿನದೋ ಎಂದು ಬಾಯಿಗೆ ಬಂತು. ನಾಲಿಗೆ ಕಚ್ಚಿಕೊಂಡ. ಅತ್ತೆ ಕೂತರು. ಬೆರಳು ಒಂದು ಅಕ್ಷರ ಒತ್ತಿತು, ಇನ್ನೊಂದನ್ನು ಹುಡುಕಿತು, ತಪ್ಪಿತು, ಸರಿಮಾಡಿತು. ಒಳಗೆ ಪೆಟ್ಟಿಗೆಯ ಜಿಪ್ಪು ಎಳೆಯುವ ಸದ್ದು, ಕೆಳಗೆ ಕಾರಿನ ಹಾರನ್ನು. ಅವನು ತನ್ನ ಅಂಗಡಿಯಲ್ಲಿ ನಿಲ್ಲುವಂತೆ ಕೈಕಟ್ಟಿ ನಿಂತ.

“ಹಳೇದೇ ಹಾಕಿ” ಎಂದಿತು ಯಂತ್ರ. “ಅಲ್ಲಿ ಹಗಲೆಲ್ಲ ಮನೇಲಿ ಯಾರೂ ಇರಲ್ಲ. ಯಾರೂ ನಡುವೆ ಬಾಯಿ ಹಾಕಲ್ಲ. ಆದ್ರೂ ಇರಲಿ.”

ಅವನು ಅವರ ಪಕ್ಕದಿಂದ ಬಗ್ಗಿ, ಆ ಮಾತನ್ನು ಒಂದೊಂದೇ ಅಕ್ಷರವಾಗಿ ಟೈಪ್ ಮಾಡಿ, ಅಚ್ಚು ಅಳಿಸಿದ ಕೀಲಿಗೆ ಕೂರಿಸಿದ. ಸರಿಯಾಗಿದೆಯೇ ನೋಡಿ ಎಂಬಂತೆ ಲ್ಯಾಪ್‌ಟಾಪನ್ನು ಅತ್ತೆಯ ಕಡೆ ಸರಿಸಿದ. ಅವರು ಅವನ ಮುಖವನ್ನೇ ನೋಡುತ್ತ ಕೀಲಿಯನ್ನು ಒತ್ತಿದರು.

“ಸ್ವಲ್ಪ ತಾಳಿ, ನಾನಿನ್ನೂ ಮುಗಿಸಿಲ್ಲ.”